ಪ್ರೊಜೆಕ್ಟರ್ ಕೊಳ್ಳುವ ಮೊದಲು ಮಂದಿರವನ್ನು ಅಳೆಯಿರಿ

ಮಾನ್ಯ ಸಂಪಾದಕರೇ,

ನಗರದ ನಡುವಿನ ಹಳೆಯ ಚಿತ್ರಮಂದಿರವೊಂದು ಹೊಸ ಪ್ರೊಜೆಕ್ಟರ್ ಹಾಕಿಸಿಕೊಂಡರೆ ಪತ್ರಿಕೆಗಳಲ್ಲಿ ಸುದ್ದಿ ಒಂದೇ ಅಚ್ಚಿನಲ್ಲಿ ಬರುತ್ತದೆ: ಲೇಸರ್ ಬಂತು, 4ಕೆ ಬಂತು, ಇಷ್ಟು ಸಾವಿರ ಲ್ಯೂಮೆನ್ ಬೆಳಕು ಬಂತು. ಮೂರೂ ಯಂತ್ರದ ಪೆಟ್ಟಿಗೆಯ ಮೇಲೆ ಬರೆದಿರುವ ಮಾತುಗಳೇ. ಪ್ರೊಜೆಕ್ಷನ್ ಕೋಣೆ ಎಷ್ಟು ಎತ್ತರದಲ್ಲಿದೆ, ಬೆಳಕು ಹಾಯುವ ಕಿಂಡಿಗೆ ಯಾವ ಗಾಜು ಹಾಕಿದೆ, ಪರದೆಗೆ ಎಷ್ಟು ವಯಸ್ಸಾಗಿದೆ, ಗೋಡೆಗೆ ಯಾವ ಬಣ್ಣ ಬಳಿದಿದೆ ಎಂಬುದರ ಮೇಲೆ ಚಿತ್ರ ಹೇಗೆ ಕಾಣುತ್ತದೆನ್ನುವುದು ನಿಂತಿದೆ. ಹಳೆಯ ಮಂದಿರಗಳಲ್ಲಿ ಈ ನಾಲ್ಕೂ ಬೇರೊಂದು ತಂತ್ರಜ್ಞಾನಕ್ಕೆ ತಕ್ಕಂತೆ ಕಟ್ಟಿದವು. ಕಾರ್ಬನ್ ಕಡ್ಡಿಯಿಂದ ಝೆನಾನ್ ದೀಪಕ್ಕೆ, ಫಿಲ್ಮಿನಿಂದ ಡಿಜಿಟಲ್‌ಗೆ, ಈಗ ಝೆನಾನ್‌ನಿಂದ ಲೇಸರ್‌ಗೆ: ಮೂರು ಸಲ ಯಂತ್ರ ಬದಲಾಗಿದೆ, ಕಟ್ಟಡ ಮಾತ್ರ ಅದೇ. ಹಾಗಾಗಿ ಕೊಳ್ಳುವ ಪತ್ರಕ್ಕೆ ಸಹಿ ಬೀಳುವ ಮೊದಲು ಅಳತೆಯ ಟೇಪು ಹಿಡಿದು ಮಂದಿರದೊಳಗೆ ಒಂದು ದಿನ ಕಳೆಯಬೇಕು ಎಂಬುದು ನಮ್ಮ ಒತ್ತಾಯ.

ಮೊದಲು ಬೆಳಕಿನ ಲೆಕ್ಕ. ಡಿಜಿಟಲ್ ಸಿನಿಮಾಕ್ಕೆ ನಿಗದಿಯಾದ ಬೆಳಕು ಪರದೆಯ ನಡುವಿನಲ್ಲಿ ಚದರ ಮೀಟರಿಗೆ 48 ಕ್ಯಾಂಡೆಲಾ, ಹಳೆಯ ಮಾನದಲ್ಲಿ 14 ಫುಟ್‌ಲ್ಯಾಂಬರ್ಟ್. ಪರದೆ 12 ಮೀಟರ್ ಅಗಲವಿದೆ ಎಂದುಕೊಳ್ಳೋಣ. 2.39:1 ಅನುಪಾತದ ಸ್ಕೋಪ್ ಚಿತ್ರಕ್ಕೆ ಎತ್ತರ 5.02 ಮೀಟರ್, ವಿಸ್ತೀರ್ಣ ಸುಮಾರು 60 ಚದರ ಮೀಟರ್. ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆದುರಿಸುವ ಬಿಳಿ ಪರದೆಯಾದರೆ, ಅಂದರೆ ಗೇನ್ 1 ಆದರೆ, ಪರದೆಗೆ ಬಂದು ಬೀಳಬೇಕಾದ ಬೆಳಕು ಸುಮಾರು 9,080 ಲ್ಯೂಮೆನ್. ಇಷ್ಟಕ್ಕೇ ಲೆಕ್ಕ ಮುಗಿಸುವವರು ಬಹಳ. ಆದರೆ ಯಂತ್ರದೊಳಗೆ ಚಿತ್ರ ಮೂಡಿಸುವ 2ಕೆ ಚಿಪ್ಪಿನಲ್ಲಿ (ಅಡ್ಡಕ್ಕೆ 2048 ಪಿಕ್ಸೆಲ್, 4ಕೆಯಲ್ಲಿ ಅದರ ಎರಡರಷ್ಟು) 1080 ಸಾಲುಗಳಿದ್ದು, ಸ್ಕೋಪ್ ಚಿತ್ರ ಅದರಲ್ಲಿ 858 ಸಾಲನ್ನಷ್ಟೇ ಬಳಸುತ್ತದೆ. ಉಳಿದ ಸಾಲುಗಳ ಮೇಲೆ ಬಿದ್ದ ಬೆಳಕು ಯಂತ್ರದೊಳಗೇ ಶಾಖವಾಗಿ ಹೋಗುತ್ತದೆ. ಆದ್ದರಿಂದ 9,080 ಎಂಬುದು 11,430 ಆಗುತ್ತದೆ. ಕಿಂಡಿಗೆ ಸಾಮಾನ್ಯ ಗಾಜಿದ್ದರೆ ಅದರ ಎರಡೂ ಮೈಗಳು ತಲಾ ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ, ಈಗ ಲೆಕ್ಕ 12,400 ದಾಟಿತು. ಮೊದಲ ದಿನದಿಂದಲೇ ಯಂತ್ರವನ್ನು ಪೂರ್ತಿ ಶಕ್ತಿಯಲ್ಲಿ ಓಡಿಸಿದರೆ ಮುಂದೆ ಬೆಳಕು ಇಳಿದಾಗ ಏರಿಸಲು ಜಾಗ ಉಳಿಯುವುದಿಲ್ಲ. ಶೇಕಡಾ 80ರಲ್ಲಿ ಓಡಿಸುವಂತಿರಬೇಕೆಂದರೆ ಸುಮಾರು 15,500 ಲ್ಯೂಮೆನ್ನಿನ ಯಂತ್ರ ಬೇಕು. ಪೆಟ್ಟಿಗೆಯ ಮೇಲಿನ 12,000 ನೋಡಿ ಕೊಂಡವರ ಪರದೆ ಕೆಲಕಾಲದಲ್ಲೇ ಮಂಕಾಗುವುದು ಯಂತ್ರದ ದೋಷವಲ್ಲ, ಗುಣಾಕಾರದ್ದು.

ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. 1.85:1 ಅನುಪಾತದ ಫ್ಲಾಟ್ ಚಿತ್ರವನ್ನೂ ಸ್ಕೋಪ್ ಚಿತ್ರವನ್ನೂ ಒಂದೇ ಎತ್ತರದಲ್ಲಿ ತೋರಿಸುವ ಪರದೆಯಲ್ಲಿ, ಲೆನ್ಸನ್ನು ಝೂಮ್ ಮಾಡಿ ಸ್ಕೋಪಿಗೆ ಹೋದಾಗ ಚಿಪ್ಪಿನ ಬಳಕೆ ಕುಗ್ಗುತ್ತದೆ, ಚಿತ್ರದ ವಿಸ್ತೀರ್ಣ ಹಿಗ್ಗುತ್ತದೆ. ಎರಡೂ ಸೇರಿ ಬೆಳಕು ಶೇಕಡಾ 37ರಷ್ಟು ಬೀಳುತ್ತದೆ. ಹಾಗಾಗಿ ಪ್ರತಿ ಅನುಪಾತಕ್ಕೂ ದೀಪದ ಶಕ್ತಿಯನ್ನು ಬೇರೆಬೇರೆಯಾಗಿ ಹೊಂದಿಸಿ ಪ್ರೀಸೆಟ್ ಮಾಡಿಡಬೇಕು. ಫ್ಲಾಟಿಗೆ ಅಳೆದು ಸ್ಕೋಪನ್ನು ಮರೆತುಬಿಡುವುದು ಸಾಮಾನ್ಯ.

ಬೆಳಕು ಸಾಲದೆಂದು ಗೇನ್ ಹೆಚ್ಚಿರುವ ಪರದೆ ಹಾಕಿಸುವುದು ಹಳೆಯ ಮಂದಿರಗಳಿಗೆ ಸರಿಹೊಂದದ ಉಪಾಯ. 3ಡಿಗಾಗಿ ಹಾಕಿದ ಬೆಳ್ಳಿ ಪರದೆಗಳ ಗೇನ್ 2ಕ್ಕೂ ಮೀರಿರುತ್ತದೆ. ಆ ಹೆಚ್ಚುವರಿ ಬೆಳಕನ್ನು ಪರದೆ ಸ್ವತಃ ಹುಟ್ಟಿಸುವುದಿಲ್ಲ, ಪಕ್ಕದ ಸೀಟುಗಳಿಂದ ಕಿತ್ತು ನಡುವಿನ ಸೀಟುಗಳಿಗೆ ಕೊಡುತ್ತದೆ, ಅಷ್ಟೆ. ಅಗಲವಾದ ಹಳೆಯ ಸಭಾಂಗಣದಲ್ಲಿ ಬದಿಯಲ್ಲಿ ಕುಳಿತವರಿಗೆ ಚಿತ್ರದ ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ಕಂದಿರುತ್ತದೆ. ಅದರ ಮೇಲೆ ಆರ್‌ಜಿಬಿ ಲೇಸರ್, ಅಂದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಲೇಸರ್ ಇರುವ ಯಂತ್ರದ ಬೆಳಕು, ಬಿದ್ದರೆ ಬಿಳಿ ಭಾಗಗಳಲ್ಲಿ ಸಣ್ಣ ಮರಳು ಮಿನುಗಿದಂತಹ ಸ್ಪೆಕಲ್ ಎದ್ದು ಕಾಣುತ್ತದೆ. ಲೇಸರಿಗೆ ಗೇನ್ 1ರ ಆಸುಪಾಸಿನ ಮ್ಯಾಟ್ ಬಿಳಿ ಪರದೆಯೇ ಸರಿ. ಹಳೆಯ ಪರದೆಗೆ ಬಣ್ಣ ಸಿಂಪಡಿಸಿ ಹೊಸದಾಗಿಸುವ ಆಸೆಯನ್ನೂ ಬಿಡಬೇಕು. ಪರದೆಯ ಸಣ್ಣ ರಂಧ್ರಗಳು ಬಣ್ಣದಿಂದ ಮುಚ್ಚಿದರೆ ಹಿಂದಿನ ಸ್ಪೀಕರುಗಳ ತೀಕ್ಷ್ಣ ಸ್ವರಗಳು ಅಲ್ಲೇ ನಿಲ್ಲುತ್ತವೆ, ಮಾತು ಕಂಬಳಿ ಹೊದ್ದಂತೆ ಕೇಳಿಸುತ್ತದೆ.

ಈಗ ಹಳೆಯ ಮಂದಿರಗಳ ನಿಜವಾದ ತಲೆನೋವಿಗೆ ಬರೋಣ: ಇಳಿಜಾರು. ಬಾಲ್ಕನಿಯ ಹಿಂದೆ, ಚಾವಣಿಗೆ ಒತ್ತಿಕೊಂಡಂತೆ ಪ್ರೊಜೆಕ್ಷನ್ ಕೋಣೆ ಇರುವಲ್ಲಿ ಕಿರಣ ಕಡಿದಾಗಿ ಕೆಳಗಿಳಿಯುತ್ತದೆ. ಲೆನ್ಸು ಪರದೆಯಿಂದ 30 ಮೀಟರ್ ದೂರದಲ್ಲಿ, ಪರದೆಯ ನಡುಬಿಂದುವಿಗಿಂತ 8 ಮೀಟರ್ ಮೇಲೆ ಇದೆ ಎಂದಾದರೆ ಇಳಿಕೋನ ಹತ್ತಿರಹತ್ತಿರ 15 ಡಿಗ್ರಿ. 5 ಮೀಟರ್ ಎತ್ತರದ ಚಿತ್ರದ ತಳಭಾಗ ತಲೆಭಾಗಕ್ಕಿಂತ ಶೇಕಡಾ 4ರಷ್ಟು ಅಗಲವಾಗುತ್ತದೆ. 12 ಮೀಟರ್ ಪರದೆಯಲ್ಲಿ ಅದು ಸುಮಾರು ಅರ್ಧ ಮೀಟರ್, ಪ್ರತಿ ಪಕ್ಕಕ್ಕೆ 25 ಸೆಂಟಿಮೀಟರ್. ಚಿತ್ರ ನೇರ ಆಯತವಾಗಿರದೆ ಬಾಯಿ ಅಗಲವಾದ ಬುಟ್ಟಿಯನ್ನು ಬೋರಲು ಹಾಕಿದಂತೆ ಕಾಣುತ್ತದೆ.

ಫಿಲ್ಮಿನ ಕಾಲದಲ್ಲಿ ಇದಕ್ಕೆ ಸರಳ ಉಪಾಯವಿತ್ತು. ಫಿಲ್ಮ್ ಹಾಯುವ ಗೇಟಿನಲ್ಲಿ ಚಿತ್ರದ ಚೌಕಟ್ಟನ್ನು ನಿರ್ಧರಿಸುವ ಅಪರ್ಚರ್ ತಗಡನ್ನು ಅರದಿಂದ ಓರೆಯಾಗಿ ಉಜ್ಜಿ, ಪರದೆಯ ಮೇಲೆ ಅಂಚುಗಳು ನೆಟ್ಟಗೆ ನಿಲ್ಲುವಂತೆ ಮಾಡುತ್ತಿದ್ದರು. ಒಳಗಿನ ಚಿತ್ರ ಓರೆಯಾಗಿಯೇ ಉಳಿದರೂ ಅಂಚು ನೇರವಿದ್ದರೆ ಕಣ್ಣು ಮರೆತುಬಿಡುತ್ತದೆ. ಡಿಜಿಟಲ್‌ನಲ್ಲಿ ಇದೇ ಕೆಲಸವನ್ನು ಮಾಡಬೇಕಾದದ್ದು ಸ್ಕ್ರೀನ್ ಫೈಲ್, ಅಂದರೆ ಅಂಚಿನ ಪಿಕ್ಸೆಲುಗಳನ್ನಷ್ಟೇ ಕಪ್ಪಾಗಿಸುವ ಮುಸುಕು. ಅದರ ಬದಲು ಇಡೀ ಚಿತ್ರವನ್ನು ಎಲೆಕ್ಟ್ರಾನಿಕ್ ಆಗಿ ಹಿಂಡಿ ಚೌಕಮಾಡುವ ಕೀಸ್ಟೋನ್ ತಿದ್ದುಪಡಿ ಬಳಸಿದರೆ ಪ್ರತಿ ಪಿಕ್ಸೆಲನ್ನೂ ಹೊಸದಾಗಿ ಲೆಕ್ಕಹಾಕಬೇಕಾಗಿ, ಸಣ್ಣ ಅಕ್ಷರಗಳ ಅಂಚು ಮೆತ್ತಗಾಗುತ್ತದೆ. 4ಕೆ ಯಂತ್ರ ಕೊಂಡು ಈ ತಿದ್ದುಪಡಿಯನ್ನು ಚಾಲೂ ಮಾಡುವುದು ಹೊಸ ಕನ್ನಡಕಕ್ಕೆ ಎಣ್ಣೆ ಸವರಿಕೊಂಡಂತೆ.

ಒಳ್ಳೆಯ ದಾರಿ ಲೆನ್ಸ್ ಶಿಫ್ಟ್. ಯಂತ್ರವನ್ನು ಬಗ್ಗಿಸದೆ, ಚಿಪ್ಪನ್ನು ಪರದೆಗೆ ಸಮಾಂತರವಾಗಿಟ್ಟು ಲೆನ್ಸನ್ನು ಮಾತ್ರ ಕೆಳಗೆ ಸರಿಸಿದರೆ ಚಿತ್ರ ಓರೆಯಾಗದೆ ಕೆಳಗಿಳಿಯುತ್ತದೆ. ಆದರೆ ಮೇಲಿನ ಉದಾಹರಣೆಯಲ್ಲಿ ಬೇಕಾಗುವ ಶಿಫ್ಟ್ ಚಿತ್ರದ ಎತ್ತರದ 1.6 ಪಟ್ಟು. ಅಷ್ಟನ್ನು ಲೆನ್ಸುಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಆಗ ಸ್ವಲ್ಪ ಶಿಫ್ಟ್, ಸ್ವಲ್ಪ ಯಂತ್ರದ ಬಾಗು, ಜೊತೆಗೆ ಪರದೆಯ ತಲೆಯನ್ನು ತುಸು ಹಿಂದಕ್ಕೆ ವಾಲಿಸುವುದು, ಈ ಮೂರನ್ನೂ ಹಂಚಿಕೊಳ್ಳಬೇಕು. ಬಾಗು ಹೆಚ್ಚಾದಷ್ಟೂ ಫೋಕಸ್ಸಿಗೂ ಪೆಟ್ಟು: ಪರದೆಯ ತಲೆ, ತಳಗಳು ಲೆನ್ಸಿನಿಂದ ಬೇರೆಬೇರೆ ದೂರದಲ್ಲಿರುವುದರಿಂದ ನಡುವೆ ಮೊನಚಾಗಿಸಿದರೆ ಎರಡೂ ಅಂಚು ಮಸುಕಾಗುತ್ತವೆ. ಪರದೆಯೇ ಕಮಾನಿನಂತೆ ಒಳಬಾಗಿದ್ದರೆ ಇನ್ನೂ ಒಂದು ತೊಡಕು. ಬದಿಗಳು ಲೆನ್ಸಿಗೆ ಹತ್ತಿರವಿರುವುದರಿಂದ ಇಳಿಯುವ ಕಿರಣ ಅಲ್ಲಿ ಬೇಗ ಮುಟ್ಟುತ್ತದೆ, ನಡುವಿನಲ್ಲಿ ತಡವಾಗಿ. ಅಡ್ಡಗೆರೆಗಳೆಲ್ಲ ಬಟ್ಟೆ ಒಣಹಾಕಿದ ಹಗ್ಗದಂತೆ ನಡುವೆ ಜೋತುಬೀಳುತ್ತವೆ. ಇದನ್ನು ಯಾವ ಯಂತ್ರವೂ ಪೂರ್ತಿ ಸರಿಪಡಿಸದು. ಎಷ್ಟು ಜೋಲು ಬೀಳುತ್ತದೆ ಎಂಬುದನ್ನು ಮೊದಲೇ ಕಾಗದದ ಮೇಲೆ ಬಿಡಿಸಿ ತಿಳಿಯಬಹುದು.

ಕಿಂಡಿಗಳು ಸಣ್ಣ ವಿಷಯದಂತೆ ತೋರುತ್ತವೆ, ಆದರೆ ಅವುಗಳ ಗೋಡೆ ಸಾಮಾನ್ಯ ಗೋಡೆಯಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಹೊತ್ತಿಕೊಂಡರೆ ನೀರಿನೊಳಗೂ ಉರಿಯುವಂಥದು. ಅದಕ್ಕಾಗಿಯೇ ದಪ್ಪ ಗೋಡೆ, ಪುಟ್ಟ ಕಿಂಡಿ, ಬೆಂಕಿ ಬಿದ್ದರೆ ಕರಗುವ ಕೊಂಡಿ ಕಳಚಿ ತಾನಾಗಿ ಬೀಳುವ ಉಕ್ಕಿನ ಮುಚ್ಚಳ. ಡಿಜಿಟಲ್ ಲೆನ್ಸಿನ ಬಾಯಿ ದೊಡ್ಡದು, ಕಿಂಡಿ ಅಗಲಿಸಲೇಬೇಕೆಂದು ಗೋಡೆಗೆ ಸುತ್ತಿಗೆ ಹಾಕುವ ಮೊದಲು ಕಿರಣ ಹಾದುಹೋಗುವ ಜಾಗದ ನಕ್ಷೆ ಬರೆಯಬೇಕು. ಹಲವು ಸಲ ಯಂತ್ರವನ್ನು ಗೋಡೆಗೆ ಇನ್ನೊಂದು ಗೇಣು ಹತ್ತಿರ ತಂದರೆ ಹಳೆಯ ಕಿಂಡಿಯೇ ಸಾಕಾಗುತ್ತದೆ. ಗಾಜು ಮಾತ್ರ ಪ್ರತಿಫಲನ ತಡೆಯುವ ಲೇಪನವಿರುವ ಬಣ್ಣರಹಿತ ಗಾಜಾಗಿರಬೇಕು, ಕಿರಣಕ್ಕೆ ನೇರ ಎದುರಾಗಿರದೆ ಕೆಲವು ಡಿಗ್ರಿ ಓರೆಯಾಗಿ ಕೂತಿರಬೇಕು. ಇಲ್ಲದಿದ್ದರೆ ಗಾಜಿಗೆ ಬಡಿದ ಬೆಳಕು ಲೆನ್ಸಿಗೇ ಮರಳಿ, ಬಿಳಿ ಶೀರ್ಷಿಕೆಗಳ ಹಿಂದೆ ಮಂಕು ನೆರಳೊಂದು ಕೂರುತ್ತದೆ.

ಲೇಸರಿಗೆ ಇನ್ನೊಂದು ನಿಯಮವಿದೆ. ಲೆನ್ಸಿನ ಮುಂದಿನ ಒಂದಿಷ್ಟು ದೂರದವರೆಗೆ ಕಿರಣದೊಳಗೆ ಯಾರ ಕಣ್ಣೂ ಬರುವಂತಿಲ್ಲ. ಆ ದೂರ ಎಷ್ಟೆಂಬುದು ಪ್ರತಿ ಲೆನ್ಸಿಗೂ ಬೇರೆ, ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ಹಳೆಯ ಬಾಲ್ಕನಿಗಳಲ್ಲಿ ಕೊನೆಯ ಸಾಲಿನವರು ಎದ್ದು ನಿಂತರೆ ತಲೆಯ ನೆರಳು ಪರದೆಯ ಮೇಲೆ ಬೀಳುತ್ತಿತ್ತಲ್ಲ, ಅಂಥ ಮಂದಿರಗಳಲ್ಲಿ ಇದನ್ನು ಮೊದಲು ಪರೀಕ್ಷಿಸಬೇಕು. ಒಂದು ಸಾಲು ಸೀಟು ತೆಗೆದು ಅಡ್ಡಗಟ್ಟೆ ಕಟ್ಟಬೇಕಾಗಿ ಬರಬಹುದು.

ಲೇಸರ್ ಎಂದರೆ ಎಲ್ಲವೂ ಒಂದೇ ಅಲ್ಲ. ಲೇಸರ್-ಫಾಸ್ಫರ್ ಯಂತ್ರದಲ್ಲಿ ನೀಲಿ ಲೇಸರ್ ಒಂದು ತಿರುಗುವ ಫಾಸ್ಫರ್ ಚಕ್ರಕ್ಕೆ ಬಿದ್ದು ಹಳದಿ ಬೆಳಕು ಹುಟ್ಟುತ್ತದೆ, ಅದರಿಂದ ಕೆಂಪು, ಹಸಿರು ಬೇರ್ಪಡುತ್ತವೆ. ಸ್ಪೆಕಲ್ ಕಾಟ ಕಡಿಮೆ, ಆದರೆ ಗಾಢ ಕೆಂಪು ಸ್ವಲ್ಪ ಸಪ್ಪೆ. ಆರ್‌ಜಿಬಿ ಲೇಸರಿನಲ್ಲಿ ಮೂರು ಬಣ್ಣಕ್ಕೂ ಬೇರೆಬೇರೆ ಲೇಸರ್. ಬಣ್ಣ ಗಾಢ, ಸ್ಪೆಕಲ್‌ನ ಅಪಾಯ ಹೆಚ್ಚು. ಆರ್‌ಜಿಬಿಯ ಬಣ್ಣಗಳ ಪಟ್ಟಿ ತೀರ ಕಿರಿದಾಗಿರುವುದರಿಂದ ಮಾಮೂಲು ಫಿಲ್ಟರ್ ಇರುವ ಮೀಟರ್ ತಪ್ಪು ಓದುತ್ತದೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋರೇಡಿಯೋಮೀಟರಿನಿಂದಲೇ ಅಳೆಯಬೇಕು. ಅದೂ ಯಂತ್ರದ ಬಾಯಲ್ಲಿ ಅಲ್ಲ, ಪ್ರೇಕ್ಷಕರ ಸೀಟಿನಿಂದ. ಏಕೆಂದರೆ ಗಾಜೂ ಪರದೆಯೂ ಬಣ್ಣವನ್ನು ಬದಲಿಸುತ್ತವೆ.

ಝೆನಾನ್ ದೀಪದ ಕಷ್ಟಗಳು ಗೊತ್ತಿದ್ದವರಿಗೆ ಲೇಸರಿನ ಆಕರ್ಷಣೆ ಅರ್ಥವಾಗುತ್ತದೆ. ತಣ್ಣಗಿರುವಾಗಲೇ ವಾತಾವರಣದ ಹಲವು ಪಟ್ಟು ಒತ್ತಡದ ಅನಿಲ ತುಂಬಿರುವ ಸ್ಫಟಿಕ ಗಾಜಿನ ದೀಪ, ಬಿಸಿಯಾದಾಗ ಅದರ ಸುಮಾರು ಮೂರು ಪಟ್ಟು. ಬದಲಿಸುವಾಗ ಮುಖಕವಚ, ಕೈಗವಸು, ದಪ್ಪ ಅಂಗಿ ಕಡ್ಡಾಯ. ಬೆರಳಿನ ಜಿಡ್ಡು ಗಾಜಿಗೆ ತಗುಲಿದರೆ ಆ ಜಾಗವೇ ಬಿಸಿಯಲ್ಲಿ ಬೆಳ್ಳಗಾಗಿ ದುರ್ಬಲವಾಗುತ್ತದೆ. 4 ಕಿಲೋವ್ಯಾಟಿನ ದೀಪಕ್ಕೆ ಸುಮಾರು 30 ವೋಲ್ಟಿನಲ್ಲಿ 130 ಆಂಪಿಯರ್ ಬೇಕು, ಆ ಕರೆಂಟನ್ನು ಒದಗಿಸುವ ರೆಕ್ಟಿಫೈಯರ್ ಹಳತಾಗಿ ಕರೆಂಟು ಏರಿಳಿದರೆ ದೀಪದ ಆಯಸ್ಸು ಕುಗ್ಗುತ್ತದೆ. ನಿಗದಿತ ಗಂಟೆ ಮೀರಿ ಓಡಿಸಿದರೆ ಗಾಜಿನ ಒಳಮೈ ಕಪ್ಪಾಗಿ ಸಿಡಿಯುವ ಸಾಧ್ಯತೆ ಏರುತ್ತದೆ, ಸಿಡಿದ ಚೂರು ಪ್ರತಿಫಲಕವನ್ನೂ ಹಾಳುಮಾಡುತ್ತದೆ. ಲೇಸರಿನಲ್ಲಿ ಇದಾವುದೂ ಇಲ್ಲ. ಆದರೆ ಒಂದನ್ನು ಮರೆಯಬಾರದು: ಝೆನಾನ್ ಯಂತ್ರದ ಬಿಸಿಗಾಳಿ ಕೊಳವೆಯ ಮೂಲಕ ಹೊರಗೆ ಹೋಗುತ್ತಿತ್ತು. ಕೊಳವೆ ಜೋಡಿಸದ ಲೇಸರ್ ಯಂತ್ರ ತನ್ನ ಬಿಸಿಯನ್ನು ಕೋಣೆಯೊಳಗೇ ಬಿಡುತ್ತದೆ. ಒಟ್ಟು ವಿದ್ಯುತ್ ಕಡಿಮೆಯಾದರೂ ಕೋಣೆಯ ಏಸಿಯ ಹೊರೆ ಹೆಚ್ಚಾಗಬಹುದು. ಲೇಸರ್ ಡಯೋಡಿನ ಆಯಸ್ಸು ನಿಂತಿರುವುದು ಅದರ ತಾಪದ ಮೇಲೆ. ಕಿಟಕಿಯಿಲ್ಲದ ಕೋಣೆಯಲ್ಲಿ ಏಸಿ ಕೆಟ್ಟ ದಿನವೂ ಪ್ರದರ್ಶನ ನಡೆಸಿದರೆ ಕೈಪಿಡಿಯಲ್ಲಿ ಬರೆದ ಸಾವಿರಾರು ಗಂಟೆಗಳಿಗೆ ಅರ್ಥವಿಲ್ಲ.

4ಕೆ ಬಗ್ಗೆ ಚುಟುಕಾಗಿ. 12 ಮೀಟರ್ ಪರದೆಯಲ್ಲಿ 2ಕೆಯ ಒಂದು ಪಿಕ್ಸೆಲ್ ಸುಮಾರು 5.9 ಮಿಲಿಮೀಟರ್. ಸಾಮಾನ್ಯ ದೃಷ್ಟಿಗೆ ಅದು 20 ಮೀಟರ್ ಆಚೆ ಬೇರೆಯಾಗಿ ಕಾಣುವುದಿಲ್ಲ. ಉದ್ದನೆಯ ಹಳೆಯ ಸಭಾಂಗಣದ ಹಿಂಭಾಗ, ಬಾಲ್ಕನಿ ಎಲ್ಲ ಆ ಗೆರೆಯ ಆಚೆಗೇ. ಮುಂದಿನ ಸಾಲುಗಳಿಗೆ 4ಕೆ ನಿಜಕ್ಕೂ ಒಳ್ಳೆಯದು. ಆದರೆ ಹಣ ಒಂದಕ್ಕೇ ಸಾಲುವಂತಿದ್ದರೆ 4ಕೆಗಿಂತ ಪರದೆ, ಗಾಜು, ಮಾಸ್ಕಿಂಗ್ ಮೊದಲು.

ಮಾಸ್ಕಿಂಗ್ ಎಂದರೆ ಚಿತ್ರದ ಅಳತೆಗೆ ತಕ್ಕಂತೆ ಸರಿಯುವ ಕಪ್ಪು ಬಟ್ಟೆ. ನವೀಕರಣದಲ್ಲಿ ಮೊದಲು ಕಿತ್ತುಹಾಕುವುದು ಇದನ್ನೇ, 'ಡಿಜಿಟಲ್‌ನಲ್ಲಿ ಅಂಚು ತಾನಾಗಿ ಕಪ್ಪು' ಎಂಬ ನಂಬಿಕೆಯಿಂದ. ಅದು ಕಪ್ಪಲ್ಲ, ಬೂದು. 48 ಕ್ಯಾಂಡೆಲಾ ಬಿಳಿಗೆ 2000:1 ಕಾಂಟ್ರಾಸ್ಟ್ ಎಂದರೆ ಕಪ್ಪು ಭಾಗದಲ್ಲೂ 0.024 ಕ್ಯಾಂಡೆಲಾ ಬೆಳಕು ಉಳಿದಿರುತ್ತದೆ. ರಾತ್ರಿಯ ದೃಶ್ಯದಲ್ಲಿ ಕತ್ತಲಿಗೆ ಹೊಂದಿಕೊಂಡ ಕಣ್ಣು ಆ ಬೂದು ಪಟ್ಟಿಗಳನ್ನು ಚೆನ್ನಾಗಿಯೇ ಹಿಡಿಯುತ್ತದೆ. ಮಾಸ್ಕಿಂಗಿನ ಮೋಟಾರು, ಹಗ್ಗ, ರಾಟೆಗಳನ್ನು ರಿಪೇರಿ ಮಾಡಿಸುವುದು ಅಗ್ಗದ ಕೆಲಸ. ಇನ್ನು ಹಳೆಯ ಮಂದಿರಗಳ ಹೆಮ್ಮೆಯಾದ ಕೆನೆಬಣ್ಣದ ಗಾರೆಕೆಲಸ, ಚಿನ್ನದ ಬಣ್ಣದ ಕಮಾನುಗಳು ಪರದೆಯ ಬೆಳಕನ್ನು ಮತ್ತೆ ಪರದೆಗೇ ಎಸೆದು ಕಾಂಟ್ರಾಸ್ಟ್ ತಿನ್ನುತ್ತವೆ. ಅವಕ್ಕೆ ಕಪ್ಪು ಬಣ್ಣ ಬಳಿಯಿರಿ ಎನ್ನುವವರನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ. ಪ್ರದರ್ಶನದ ಹೊತ್ತಿಗೆ ಪರದೆಯ ಅಕ್ಕಪಕ್ಕದ ಕೆಲವು ಮೀಟರ್ ಗೋಡೆಗೆ ಎಳೆಯುವ ಕಪ್ಪು ವೆಲ್ವೆಟ್ ಪರದೆ ಸಾಕು.

ಡಿಜಿಟಲ್‌ಗೆ ತನ್ನದೇ ಆದ ಕಾಗದಪತ್ರದ ಕಾಟವೂ ಇದೆ. ಚಿತ್ರ ಡಿಸಿಪಿ ಎಂಬ ಬೀಗ ಹಾಕಿದ ಡಿಜಿಟಲ್ ಕಡತಗಳ ಕಟ್ಟಾಗಿ ಬರುತ್ತದೆ, ಬೀಗ ತೆಗೆಯುವ ಕೆಡಿಎಂ ಎಂಬ ಕೀಲಿ ಪ್ರತ್ಯೇಕ. ಆ ಕೀಲಿ ನಿಮ್ಮ ಮೀಡಿಯಾ ಬ್ಲಾಕ್ (ಚಿತ್ರದ ಬೀಗ ತೆಗೆದು ಪ್ರೊಜೆಕ್ಟರಿಗೆ ಕೊಡುವ ಸಾಧನ) ಒಂದಕ್ಕೇ, ನಿಗದಿತ ದಿನಾಂಕಗಳಿಗೇ ಹೊಂದುತ್ತದೆ. ಯಂತ್ರ ಬದಲಿಸಿ ಹೊಸ ಪ್ರಮಾಣಪತ್ರವನ್ನು ವಿತರಕರಿಗೆ ಕಳುಹಿಸಲು ಮರೆತರೆ ಹಳೆಯ ಕೀಲಿ ಹೊಸ ಬೀಗಕ್ಕೆ ಹಾಕಿದಂತೆ, ಶುಕ್ರವಾರದ ಮೊದಲ ಆಟ ನಿಲ್ಲುತ್ತದೆ. ಬಿಡಿಭಾಗವೆಂದು ಕಪಾಟಿನಲ್ಲಿಟ್ಟ ಮೀಡಿಯಾ ಬ್ಲಾಕಿನ ಒಳಗಿನ ಬ್ಯಾಟರಿ ಸತ್ತರೆ ಅದರ ರಹಸ್ಯ ಕೀಲಿಯೂ ಅಳಿಸಿಹೋಗುತ್ತದೆ. ಆಮೇಲೆ ಅದು ಕಾಗದ ಹಾರದಂತೆ ಇಡುವ ಭಾರವಷ್ಟೇ.

ಕೊನೆಯ ವಿಷಯ, ನಮಗೆ ಮುಖ್ಯವಾದದ್ದು. ಡಿಜಿಟಲ್ ಯಂತ್ರಕ್ಕೆ ಜಾಗ ಬೇಕೆಂದು 35 ಮಿ.ಮೀ. ಪ್ರೊಜೆಕ್ಟರುಗಳ ಜೋಡಿಯನ್ನು ಗುಜರಿಗೆ ಹಾಕಬೇಡಿ. ಮುಂಭಾಗದ ಕಮಾನು ಪಾರಂಪರಿಕವಾದರೆ ಅವೂ ಹಾಗೆಯೇ. ಒಂದನ್ನು ಉಳಿಸಿಕೊಂಡರೆ ಸಾಲದು. ಚಲನಚಿತ್ರ ಭಂಡಾರಗಳು ಅಪರೂಪದ ಪ್ರಿಂಟುಗಳನ್ನು ಕೊಡುವಾಗ, ರೀಲುಗಳನ್ನು ಕತ್ತರಿಸಿ ಅಂಟಿಸದೆ ಎರಡು ಯಂತ್ರಗಳ ನಡುವೆ ಬದಲಾಯಿಸುತ್ತ ತೋರಿಸಬೇಕೆಂದು ಕೇಳುತ್ತವೆ. 2000 ಅಡಿಯ ರೀಲು ನಿಮಿಷಕ್ಕೆ 90 ಅಡಿಯಂತೆ 22 ನಿಮಿಷ ಓಡುತ್ತದೆ. ರೀಲು ಮುಗಿಯುವ ಸುಮಾರು 8 ಸೆಕೆಂಡು ಮೊದಲು ಮೇಲಿನ ಬಲಮೂಲೆಯಲ್ಲಿ ಮೊದಲ ಚುಕ್ಕಿ ಬಂದಾಗ ಎರಡನೇ ಯಂತ್ರದ ಮೋಟಾರು, ಎರಡನೇ ಚುಕ್ಕಿಗೆ ಬೆಳಕಿನ ಬದಲಾವಣೆ. ಒಂದೇ ಯಂತ್ರವಿದ್ದರೆ ಪ್ರತಿ 22 ನಿಮಿಷಕ್ಕೆ ದೀಪ ಹಾಕಿ ಕೂರಬೇಕಾಗುತ್ತದೆ.

ಜಾಗದ ಸಮಸ್ಯೆಗೆ ಪರಿಹಾರವಿದೆ. ಎರಡು ಫಿಲ್ಮ್ ಯಂತ್ರಗಳು ತಮ್ಮ ಕಿಂಡಿಗಳಲ್ಲೇ ಇರಲಿ, ಡಿಜಿಟಲ್ ಯಂತ್ರವನ್ನು ನಡುವೆ ಕೂರಿಸಬಹುದು. ಅಲ್ಲಿ ಅದು ಪರದೆಯ ನಡುರೇಖೆಗೂ ಹತ್ತಿರವಿರುತ್ತದೆ. ಬದಿಗೆ ಹಾಕಿದರೆ ಇಳಿಜಾರಿನ ಓರೆಯ ಜೊತೆಗೆ ಅಡ್ಡ ಓರೆಯೂ ಸೇರುತ್ತದೆ. ಲೇಸರಿನಿಂದ ಓಝೋನ್ ಅನಿಲ ಹುಟ್ಟುವುದಿಲ್ಲವೆಂದು ಹಳೆಯ ಹೊಗೆಕೊಳವೆ ಮುಚ್ಚಿಸಬೇಡಿ, ಫಿಲ್ಮ್ ಯಂತ್ರಗಳ ಝೆನಾನ್ ದೀಪಕ್ಕೆ ಅದು ಬೇಕು. ತಿಂಗಳಿಗೊಮ್ಮೆ ಯಂತ್ರಗಳನ್ನು ಓಡಿಸಬೇಕು, ಆದರೆ ಸ್ವಿಚ್ ಒತ್ತುವ ಮೊದಲು ಕೈಯಿಂದ ತಿರುಗಿಸಿ. ಫಿಲ್ಮನ್ನು ಒಂದೊಂದೇ ಚೌಕಟ್ಟು ಮುಂದಕ್ಕೆ ಎಳೆಯಲು ಸೆಕೆಂಡಿಗೆ 24 ಸಲ ಕಾಲು ಸುತ್ತು ತಿರುಗಿ ನಿಲ್ಲುವ ಮಾಲ್ಟೀಸ್ ಕ್ರಾಸ್ ಎಣ್ಣೆಯಲ್ಲಿ ಮುಳುಗಿರುವ ಭಾಗ. ನಿಂತ ಯಂತ್ರದಲ್ಲಿ ಎಣ್ಣೆ ಕೆಳಗಿಳಿದು ಮೇಲಿನ ಮೈ ಒಣಗಿರುತ್ತದೆ, ಒಣಗಿದ ಮೇಲೆ ಒಮ್ಮೆಲೇ ಓಡಿಸಿದರೆ ಸವೆದು ಚಿತ್ರ ಮೇಲೆ ಕೆಳಗೆ ನಡುಗತೊಡಗುತ್ತದೆ. ಸ್ಪ್ರಾಕೆಟ್ ಹಲ್ಲುಗಳಿಗೆ ಬೆರಳು ಸವರಿ ನೋಡಿ. ಕೊಕ್ಕೆಯಂತೆ ಬಾಗಿದ್ದರೆ ಅವು ಫಿಲ್ಮಿನ ರಂಧ್ರ ಹರಿಯುತ್ತವೆ, ಬದಲಿಸಲೇಬೇಕು. ವಿನೆಗರ್ ವಾಸನೆ ಬರುವ ಪ್ರಿಂಟು ಕುಗ್ಗಿರುತ್ತದೆ. ಕುಗ್ಗುವಿಕೆ ಶೇಕಡಾ 1ರ ಹತ್ತಿರ ಬಂದಿದ್ದರೆ ಅದನ್ನು ಯಂತ್ರಕ್ಕೆ ಏರಿಸಬಾರದು.

ಕರಾರಿನಲ್ಲಿ ಲ್ಯೂಮೆನ್ ಬರೆಯದೆ ಪರದೆಯ ಮೇಲಿನ ಕ್ಯಾಂಡೆಲಾ ಬರೆಯಿಸಿ: ಫ್ಲಾಟಿಗೂ ಸ್ಕೋಪಿಗೂ ನಡುವಿನಲ್ಲಿ 48, ಮೂಲೆಗಳಲ್ಲಿ ಅದರ ಶೇಕಡಾ 75ಕ್ಕಿಂತ ಕಡಿಮೆಯಿಲ್ಲದಂತೆ, ಒಪ್ಪಿಸುವ ದಿನ ಒಮ್ಮೆ ಮತ್ತು 2,000 ಗಂಟೆಗಳ ನಂತರ ಇನ್ನೊಮ್ಮೆ ಸೀಟಿನಿಂದ ಅಳೆದು. 1.37 ಮತ್ತು 1.66 ಅನುಪಾತದ ಹಳೆಯ ಚಿತ್ರಗಳಿಗೂ ಪ್ರೀಸೆಟ್ ಇರಲಿ. ನೂರು ಕಿಲೋಗೂ ಮೀರಿದ ಯಂತ್ರ ಆ ಕಿರಿದಾದ ಸುರುಳಿ ಮೆಟ್ಟಿಲಲ್ಲಿ ಹೇಗೆ ಮೇಲೇರುತ್ತದೆ ಎಂಬುದನ್ನೂ ಬರೆಯಿಸಿ. ಯಂತ್ರ ಬಾಗಿಲಿಗೆ ಬಂದ ದಿನ ಇದನ್ನು ಯೋಚಿಸುವವರೇ ಹೆಚ್ಚು.

ಗುಜರಿಯವರು ಬಂದರೆ ಮೊದಲು ಕಾಣೆಯಾಗುವುದು ಅಪರ್ಚರ್ ತಗಡುಗಳು, ಏಕೆಂದರೆ ಅವು ಹಿತ್ತಾಳೆಯದೋ ಉಕ್ಕಿನದೋ ಒಂದು ಸಣ್ಣ ತುಂಡಿನಂತೆ ಕಾಣುತ್ತವೆ. ಲೆನ್ಸು, ಬೆಲ್ಟು, ದೀಪ ಎಲ್ಲಾದರೂ ಸಿಕ್ಕೀತು. ಆದರೆ ಆ ಮಂದಿರದ ಇಳಿಕೋನಕ್ಕೆಂದೇ ಅರದಿಂದ ಉಜ್ಜಿದ ತಗಡು ಮತ್ತೆಲ್ಲೂ ಸಿಗುವುದಿಲ್ಲ, ಪಕ್ಕದ ಕಿಂಡಿಯ ಯಂತ್ರಕ್ಕೂ ಅದು ಹೊಂದುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಅವನ್ನು ತೆಗೆದು, ಯಾವ ಯಂತ್ರದ್ದು, ಯಾವ ಅನುಪಾತದ್ದು ಎಂದು ಚೀಟಿ ಕಟ್ಟಿ, ತೆಳುವಾಗಿ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಬೀಗದೊಳಗೆ ಇಡಬೇಕು.

ಇತಿ ತಮ್ಮ ವಿಶ್ವಾಸಿಗಳು,
ಕೆಲವು ಪ್ರೊಜೆಕ್ಷನ್ ತಂತ್ರಜ್ಞರು